ಗುಂಡಿನ ಗುಣ ಮುಟ್ಟಬೇಡಿ, ಎಣಿಕೆ ಮುಟ್ಟಿ: ಟ್ಯಾಂಕ್ ಆಟ ಮಾಡುವವರಿಗೆ ಕಲಬುರಗಿಯಿಂದ ಬಹಿರಂಗ ಪತ್ರ

ಟ್ಯಾಂಕ್ ಆಟಗಳನ್ನು ತಯಾರಿಸುವ ಕಂಪನಿಗಳ ಡೆವಲಪರ್‌ಗಳಿಗೆ, ಮತ್ತು ಕಲಬುರಗಿ, ಬೀದರ್, ಯಾದಗಿರಿಯ ಕಾಲೇಜುಗಳಲ್ಲಿ ಕೊನೆಯ ವರ್ಷದ ಪ್ರಾಜೆಕ್ಟಿಗೆ ಇಂಥದೇ ಆಟ ಬರೆಯಲು ಕೂತಿರುವ ಹುಡುಗ ಹುಡುಗಿಯರಿಗೆ,

ನಮಸ್ಕಾರ.

ಆಟದ ಗುಂಡುಗಳು ಹೇಗಿರಬೇಕು ಎಂಬ ಜಗಳ ಹಳೆಯದು. ‘ಇತಿಹಾಸದಾಗ ಹಿಂಗೇ ಇತ್ತು, ಹಿಂಗೇ ಇರಬೇಕು’ ಅನ್ನುವವರು ಒಂದು ಕಡೆ. ‘ಹಂಗ ಮಾಡಿದ್ರ ಆಡವ್ರು ಯಾರು?’ ಅನ್ನುವವರು ಇನ್ನೊಂದು ಕಡೆ. ನಡುವೆ ಸಿಕ್ಕ ನೀವು ಒಂದು ಗುಂಡಿನ ವೇಗವನ್ನು ಚೂರು ಇಳಿಸುತ್ತೀರಿ, ಇನ್ನೊಂದರ ಪೆನೆಟ್ರೇಶನ್ (ಎಷ್ಟು ಮಿಮೀ ಕವಚ ತೂರುತ್ತದೆ ಎಂಬ ಅಳತೆ) ಚೂರು ಏರಿಸುತ್ತೀರಿ, ಪ್ಯಾಚ್ ನೋಟ್ಸ್‌ನಲ್ಲಿ (ಆಟದ ಬದಲಾವಣೆಗಳ ಪಟ್ಟಿಯಲ್ಲಿ) ‘ಬ್ಯಾಲೆನ್ಸ್ ಸರಿಪಡಿಸಲಾಗಿದೆ’ ಎಂದು ಬರೆಯುತ್ತೀರಿ. ಮುಂದಿನ ತಿಂಗಳು ಅದೇ ಜಗಳ, ಬೇರೆ ಟ್ಯಾಂಕಿನ ಹೆಸರಲ್ಲಿ. ನಮ್ಮ ತಕರಾರು ಒಂದೇ. ಬ್ಯಾಲೆನ್ಸ್, ಅಂದರೆ ಬಲಾಬಲದ ಸಮತೋಲ, ನೀವು ಹೊಸದಾಗಿ ಹುಟ್ಟಿಸಬೇಕಾದದ್ದಲ್ಲ. ಅದು ಯುದ್ಧದಲ್ಲೇ ಇತ್ತು, ಗುಂಡಿನ ಗುಣದಲ್ಲಿ ಅಲ್ಲ, ಗುಂಡಿನ ಎಣಿಕೆಯಲ್ಲಿ. ಆ ಎಣಿಕೆಯನ್ನು ಆಟದಿಂದ ಕಿತ್ತುಹಾಕಿದ್ದರಿಂದಲೇ ಗುಣವನ್ನು ಕೆಡಿಸುವ ಪಾಳಿ ಬಂದಿದೆ.

ಎರಡನೇ ಮಹಾಯುದ್ಧದ ಸೋವಿಯತ್ ಟ್ಯಾಂಕ್ ಟಿ-34-85 ತೆಗೆದುಕೊಳ್ಳಿ. ಅದರೊಳಗೆ 55 ಗುಂಡು ಹಿಡಿಯುತ್ತಿದ್ದವು. ವಾಡಿಕೆಯ ಹಂಚಿಕೆಯಲ್ಲಿ 36 ಸಿಡಿಗುಂಡು, 14 ಕವಚ ಒಡೆಯುವ ಮಾಮೂಲಿ ಗುಂಡು (ಎಪಿ), ಟಂಗ್‌ಸ್ಟನ್ ತಿರುಳಿನ ಎಪಿಸಿಆರ್ ಗುಂಡು ಐದೇ ಐದು. ಆ ಐದನ್ನು ಎಲ್ಲಿ ಖರ್ಚು ಮಾಡಬೇಕು ಎಂದು ಕಮಾಂಡರ್ ಯೋಚಿಸಬೇಕಿತ್ತು. ಜರ್ಮನರ ಪಾಡೂ ಅಷ್ಟೇ. ಅವರ ಟೈಗರ್ ಟ್ಯಾಂಕಿನ 8.8 ಸೆಂಟಿಮೀಟರ್ ತೋಪಿಗೆ ಟಂಗ್‌ಸ್ಟನ್ ತಿರುಳಿನ ಪಿಝಡ್‌ಜಿಆರ್ 40 ಗುಂಡು ಇತ್ತು ನಿಜ. ಆದರೆ ಲೋಹ ಎಲ್ಲಿಂದ ಬರಬೇಕು? ಪೋರ್ಚುಗಲ್ 1944ರ ಜೂನ್‌ನಲ್ಲಿ ಅದಿರಿನ ರಫ್ತು ನಿಲ್ಲಿಸಿತು, ಉಳಿದ ಟಂಗ್‌ಸ್ಟನ್ ಲೇತ್ ಮೆಷಿನ್ನಿನ ಉಳಿಗಳಿಗೇ ಸಾಲುತ್ತಿರಲಿಲ್ಲ. ಅಮೆರಿಕದ 76 ಮಿಮೀ ತೋಪಿನ ಎಚ್‌ವಿಎಪಿ ಗುಂಡು (ಅದೂ ಟಂಗ್‌ಸ್ಟನ್ ತಿರುಳಿನದೇ) 1944ರ ಬೇಸಿಗೆ ಕಳೆಯುವ ಹೊತ್ತಿಗೆ ಯುರೋಪಿಗೆ ಬಂತು. ಬಂದದ್ದು ಬೊಗಸೆಯಷ್ಟು, ಅದರಲ್ಲೂ ಮೊದಲ ಪಾಲು ಟ್ಯಾಂಕ್ ಬೇಟೆಯ ದಳಗಳಿಗೆ.

ಈಗ ನಿಮ್ಮ ಆಟ ನೋಡಿ. ಅದೇ ಟಿ-34-85ಕ್ಕೆ 55ಕ್ಕೆ 55ನ್ನೂ ಟಂಗ್‌ಸ್ಟನ್ ಗುಂಡೇ ತುಂಬಿಕೊಂಡು ಹೊರಡಬಹುದು. ಬೇಕಾದದ್ದು ಆಟದೊಳಗಿನ ನಾಣ್ಯ ಅಷ್ಟೇ, ಒಂದು ಕಾಲಕ್ಕೆ ಆಟದ ಚಿನ್ನ. ಹುಡುಗರು ಅದನ್ನು ಇವತ್ತಿಗೂ ‘ಗೋಲ್ಡ್ ಗುಂಡು’ ಅನ್ನುತ್ತಾರೆ. ಎದುರಿನ ದಪ್ಪ ಕವಚದ ಟ್ಯಾಂಕಿಗೆ ಬೆಲೆ ಇಲ್ಲದಂತಾಯಿತು, ಅದಕ್ಕೆ ಅದರ ಕವಚ ಏರಿಸಿದಿರಿ. ಕವಚ ಏರಿತು, ಮಾಮೂಲಿ ಗುಂಡು ನಾಟದಾಯಿತು. ಗೋಲ್ಡ್ ಗುಂಡಿಲ್ಲದೆ ಆಡುವುದೇ ದಂಡ ಅನ್ನುವ ಸ್ಥಿತಿ ಬಂತು.

ಎಪಿಸಿಆರ್ ಗುಂಡಿಗೆ ಎಣಿಕೆಯ ಜೊತೆಗೆ ನಿಸರ್ಗವೇ ಹಾಕಿದ ದಂಡಗಳೂ ಇದ್ದವು. ಲೆಕ್ಕ ನೋಡಿ. ಟೈಗರಿನ ಮಾಮೂಲಿ ಪಿಝಡ್‌ಜಿಆರ್ 39ರ ತೂಕ 10.2 ಕೆಜಿ, ವೇಗ ಸೆಕೆಂಡಿಗೆ 773 ಮೀಟರ್, ಶಕ್ತಿ ಸುಮಾರು 30.5 ಲಕ್ಷ ಜೌಲ್. ಪಿಝಡ್‌ಜಿಆರ್ 40ರ ತೂಕ 7.3 ಕೆಜಿ, ವೇಗ 930, ಶಕ್ತಿ ಸುಮಾರು 31.6 ಲಕ್ಷ. ಅಂದರೆ ನಳಿಗೆಯ ಬಾಯಲ್ಲಿ ಎರಡರ ಶಕ್ತಿಯೂ ಹೆಚ್ಚುಕಮ್ಮಿ ಒಂದೇ. ವ್ಯತ್ಯಾಸ ಇರುವುದು ಆ ಶಕ್ತಿ ಎಷ್ಟು ಸಣ್ಣ ಜಾಗಕ್ಕೆ ಬೀಳುತ್ತದೆ ಎಂಬುದರಲ್ಲಿ. ತಿರುಳು ಸಣ್ಣದು, ಆದ್ದರಿಂದ ಆಳಕ್ಕೆ ಇಳಿಯುತ್ತದೆ. ಆದರೆ ಹೊರಮೈ ಅದೇ 88 ಮಿಮೀ ಅಗಲ, ತೂಕ ಹಗುರ, ಹೀಗಾಗಿ ಗಾಳಿ ಅದನ್ನು ಬೇಗ ಹಿಡಿದು ನಿಲ್ಲಿಸುತ್ತದೆ. ದೂರ ಹೋದಷ್ಟೂ ಲಾಭ ಕರಗುತ್ತದೆ. ಇಳಿಜಾರು ತಗಡಿಗೆ ಬಿದ್ದರೆ ಗಟ್ಟಿಯಾದರೂ ಪೆಡಸಾದ ತಿರುಳು ಮುರಿಯುತ್ತದೆ. ಅಮೆರಿಕದ ಎಚ್‌ವಿಎಪಿ ಜರ್ಮನ್ ಪ್ಯಾಂಥರ್ ಟ್ಯಾಂಕಿನ ಗೋಪುರದ ಮುಂಭಾಗವನ್ನು ಒಡೆಯುತ್ತಿತ್ತು, 55 ಡಿಗ್ರಿ ಬಾಗಿದ 80 ಮಿಮೀ ಮುಂದಿನ ತಗಡಿನ ಎದುರು ಸೋಲುತ್ತಿತ್ತು. ಇನ್ನು ಒಳಗೆ ಹೊಕ್ಕರೂ ಸಣ್ಣ ತೂತು, ಸ್ಫೋಟಕ ಇಲ್ಲ, ಕಡಿಮೆ ಚೂರು.

ಈ ದಂಡಗಳನ್ನೆಲ್ಲ ಕೋಡಿನಲ್ಲಿ ಬರೆದರೆ ಸಾಕು, ಆಟಗಾರ ತಾನಾಗಿಯೇ ಸಮತಟ್ಟು ಕವಚಕ್ಕೆ ಒಂದು ಗುಂಡು, ಇಳಿಜಾರಿಗೆ ಇನ್ನೊಂದು ಎಂದು ಆರಿಸುತ್ತಾನೆ. ಆದರೆ ಹಿಟ್‌ಪಾಯಿಂಟ್ (ಪ್ರತಿ ಹೊಡೆತಕ್ಕೂ ಕಳೆಯುವ ಜೀವದ ಅಂಕ) ಲೆಕ್ಕದ ಆಟಗಳಲ್ಲಿ ಎಪಿ ಹೊಡೆದರೂ 240, ಎಪಿಸಿಆರ್ ಹೊಡೆದರೂ 240 ಡ್ಯಾಮೇಜ್. ನಿಸರ್ಗದ ದಂಡ ಹೋಯಿತು, ದುಡ್ಡಿನ ದಂಡ ಮಾತ್ರ ಉಳಿಯಿತು. ಅದನ್ನು ಬ್ಯಾಲೆನ್ಸ್ ಎಂದು ಕರೆಯಲು ನಮಗೆ ಮನಸ್ಸಿಲ್ಲ.

ಎಪಿಡಿಎಸ್ ಗುಂಡಿನದೂ ಇದೇ ಕಥೆ. ಬ್ರಿಟಿಷರ 17 ಪೌಂಡರ್ ತೋಪಿನಿಂದ ಅದು ಸೆಕೆಂಡಿಗೆ ಸುಮಾರು 1,200 ಮೀಟರ್ ವೇಗದಲ್ಲಿ ಹೊರಡುತ್ತಿತ್ತು. ಹೊರಗಿನ ಹೊದಿಕೆ ನಳಿಗೆ ದಾಟಿದ ಕೂಡಲೇ ಕಳಚಿ ಬೀಳುವುದರಿಂದ ಎಪಿಸಿಆರ್‌ನಂತೆ ಗಾಳಿಗೆ ಸೋಲುತ್ತಿರಲಿಲ್ಲ. ಆದರೆ ಕಳಚುವಾಗ ಚೂರು ಓರೆಯಾದರೂ ತಿರುಳು ದಾರಿ ತಪ್ಪುತ್ತಿತ್ತು. 1944ರ ಆಗಸ್ಟ್‌ನಲ್ಲಿ ನಾರ್ಮಂಡಿಯ ಇಸಿನ್ಯಿಯಲ್ಲಿ ಅಮೆರಿಕನ್ನರು ವಶಪಡಿಸಿಕೊಂಡ ಪ್ಯಾಂಥರ್‌ಗಳಿಗೆ ಹೊಡೆದು ಪರೀಕ್ಷಿಸಿದಾಗ ಕಂಡದ್ದು ಅದೇ: ಬಿದ್ದರೆ ಒಡೆಯುತ್ತದೆ, ಬೀಳುವುದೇ ಖಾತ್ರಿ ಇಲ್ಲ. ಹಾಗಿದ್ದ ಮೇಲೆ ಪೆನೆಟ್ರೇಶನ್ ಇಳಿಸುವುದು ಯಾಕೆ? ಆ ಕಾಲದ ಎಪಿಡಿಎಸ್‌ಗೆ ಬೇರೆಯದೇ ಚದುರುವಿಕೆಯ (ಗುರಿಯ ಸುತ್ತ ಗುಂಡು ಎಷ್ಟು ಹರಡುತ್ತದೆ ಎಂಬುದರ) ಮೌಲ್ಯ ಕೊಡಿ. ಬಹಳಷ್ಟು ಆಟಗಳಲ್ಲಿ ಚದುರುವಿಕೆ ತೋಪಿಗೆ ಅಂಟಿಕೊಂಡಿದೆ, ಗುಂಡಿಗಲ್ಲ. ಡೇಟಾ ಟೇಬಲ್ಲಿನಲ್ಲಿ ಒಂದು ಕಾಲಂ ಹೆಚ್ಚಿಗೆ ಇಟ್ಟರೆ ಮುಗಿಯುವ ಕೆಲಸ.

ವೇಗ ಇಳಿಸಿ ಬ್ಯಾಲೆನ್ಸ್ ಮಾಡುವ ಚಟದ ಬಗ್ಗೆ ಸ್ವಲ್ಪ ವಿವರವಾಗಿಯೇ ಹೇಳಬೇಕು, ಯಾಕೆಂದರೆ ಹೊಸಬರು ಬೀಳುವ ಹೊಂಡ ಇದೇ. ಗುಂಡು ಎಷ್ಟು ಕವಚ ತೂರುತ್ತದೆ ಎಂದು ಅಂದಾಜಿಸುವ ಡಿ ಮಾರ್ ಸೂತ್ರದಲ್ಲಿ ಪೆನೆಟ್ರೇಶನ್ ವೇಗದ 1.43ನೇ ಘಾತದ ಜೊತೆ, ತೂಕದ 0.71ನೇ ಘಾತದ ಜೊತೆ ಏರಿಳಿಯುತ್ತದೆ. ನೀವು ವೇಗವನ್ನು ಶೇ 10 ಇಳಿಸಿದಿರಿ ಅನ್ನಿ. ಪೆನೆಟ್ರೇಶನ್ ಶೇ 14 ಬೀಳುತ್ತದೆ. ಅಷ್ಟಕ್ಕೇ ನಿಲ್ಲಲಿಲ್ಲ. 773ರಲ್ಲಿ ಹೊರಟ ಗುಂಡು, ಗಾಳಿಯನ್ನು ಲೆಕ್ಕಕ್ಕೆ ಹಿಡಿಯದಿದ್ದರೆ, 1,000 ಮೀಟರ್ ಹೋಗಲು 1.29 ಸೆಕೆಂಡ್ ತೆಗೆದುಕೊಳ್ಳುತ್ತದೆ, ಶೇ 10 ಇಳಿದರೆ 1.44. ಗಂಟೆಗೆ 30 ಕಿಮೀ ಓಡುವ ಟ್ಯಾಂಕ್ ಅಷ್ಟರಲ್ಲಿ 10.8 ಮೀಟರಿನ ಬದಲು 12 ಮೀಟರ್ ಮುಂದೆ ಹೋಗಿರುತ್ತದೆ. ಗುಂಡು ಕೆಳಗೆ ಬಾಗುವುದೂ ಹೆಚ್ಚಾಯಿತು, ಅಂದರೆ ಸೈಟಿನ ಗೆರೆಗಳೂ ತಪ್ಪಿದವು. ಒಂದು ಸಂಖ್ಯೆ ಮುಟ್ಟಿ ಮೂರು ಕಡೆ ನರ್ಫ್ ಮಾಡಿದಿರಿ (ಬಲ ಕುಗ್ಗಿಸಿದಿರಿ), ಪ್ಯಾಚ್ ನೋಟ್ಸ್‌ನಲ್ಲಿ ಬರೆದದ್ದು ಒಂದೇ. ನೂರು ಗಂಟೆ ಅದೇ ತೋಪಿನ ಮೇಲೆ ಕೈ ಪಳಗಿಸಿಕೊಂಡವನಿಗೆ ಸಿಟ್ಟು ಬರುವುದು ಪೆನೆಟ್ರೇಶನ್ ಇಳಿದದ್ದಕ್ಕಲ್ಲ, ಕೈಯ ಅಂದಾಜು ಹಾಳಾದದ್ದಕ್ಕೆ.

ಕಲಬುರಗಿ ಕೋಟೆಯ ಬಾರಾ ಗಜ್ ತೋಪನ್ನು ನೋಡಲು ಬರುವವರೆಲ್ಲ ಅದರ ಉದ್ದ ಕೇಳುತ್ತಾರೆ. 29 ಅಡಿ ಎಂದು ಹೇಳಿದರೆ ತಲೆಯಾಡಿಸಿ ಫೋಟೊ ತೆಗೆಸಿಕೊಂಡು ಹೋಗುತ್ತಾರೆ. ಎಷ್ಟು ಮದ್ದು, ಎಂಥ ಗುಂಡು, ಎಷ್ಟು ಹೊತ್ತಿಗೊಂದು ಬಾರು ಎಂದು ಕೇಳುವವರು ಕಡಿಮೆ. ಆಟಗಳ ಸ್ಟ್ಯಾಟ್ಸ್ ಪುಟವೂ ಹಾಗೇ ಆಗಿದೆ. ‘ಪೆನ್ 203’ (ಪೆನೆಟ್ರೇಶನ್ 203 ಮಿಮೀ) ಎಂದು ದೊಡ್ಡಕ್ಷರದಲ್ಲಿ ಇರುತ್ತದೆ. ಯಾವ ದೂರದಲ್ಲಿ, ಯಾವ ಕೋನದಲ್ಲಿ, ನೂರಕ್ಕೆ ಎಷ್ಟು ಗುಂಡು ಹೊಕ್ಕರೆ ಅದನ್ನು ‘ಹೊಕ್ಕಿತು’ ಅನ್ನುತ್ತೀರಿ ಎಂಬುದು ಇರುವುದಿಲ್ಲ.

ಪ್ರಾಜೆಕ್ಟ್ ಮಾಡುವ ಹುಡುಗರು ಇಲ್ಲಿ ಗಮನವಿಟ್ಟು ಓದಬೇಕು. ಪುಸ್ತಕಗಳಲ್ಲಿ ಸಿಗುವ ಕೋಷ್ಟಕಗಳು ಒಂದಕ್ಕೊಂದು ಹೊಂದುವುದಿಲ್ಲ, ಯಾಕೆಂದರೆ ದೇಶಕ್ಕೊಂದು ಅಳತೆ. ಜರ್ಮನ್ ಕೋಷ್ಟಕ 30 ಡಿಗ್ರಿ ಬಾಗಿದ ತಗಡಿನದು. ಪಿಝಡ್‌ಜಿಆರ್ 39ಕ್ಕೆ 100 ಮೀಟರಿನಲ್ಲಿ 120 ಮಿಮೀ, 500ರಲ್ಲಿ 110, 1,000ದಲ್ಲಿ 100, 2,000ದಲ್ಲಿ 84. ಇದನ್ನು ನೆಟ್ಟಗಿನ ತಗಡಿನ ಸಂಖ್ಯೆ ಎಂದುಕೊಂಡು ತುಂಬಿ, ಆಮೇಲೆ ಎಂಜಿನ್ನಿನಲ್ಲಿ ಕೋನದ ಲೆಕ್ಕ ಮತ್ತೊಮ್ಮೆ ಹಾಕಿದರೆ ಟೈಗರ್ ಎರಡು ಸಲ ದಂಡ ಕಟ್ಟುತ್ತದೆ. 1,000 ಮೀಟರಿನ 100 ಮಿಮೀ ಅನ್ನುವುದು ಬರೀ ಕೊಸೈನ್ ಹಿಡಿದರೂ ನೆಟ್ಟಗೆ 115ಕ್ಕಿಂತ ಕಡಿಮೆ ಅಲ್ಲ. ಇನ್ನು ಅಮೆರಿಕದ ಸಂಖ್ಯೆಗಳು ನೂರಕ್ಕೆ 50 ಗುಂಡು ಹೊಕ್ಕರೆ ಸಾಕು ಅನ್ನುವ ಅಳತೆಯವು. ಸೋವಿಯತ್ತಿನ ಖಾತ್ರಿ ಅಳತೆ 80ರ ಸುತ್ತಮುತ್ತ. ಬಾರಿನಿಂದ ಬಾರಿಗೆ ಪೆನೆಟ್ರೇಶನ್ನಿನ ಚದುರು (ಸ್ಟ್ಯಾಂಡರ್ಡ್ ಡೀವಿಯೇಶನ್) ಶೇ 4 ಎಂದಿಟ್ಟುಕೊಂಡರೆ, 50ರ ಅಳತೆಯಲ್ಲಿ 150 ಮಿಮೀ ಒಡೆಯುವ ಗುಂಡು 80ರ ಅಳತೆಯಲ್ಲಿ 145 ಮಿಮೀ ಮಾತ್ರ. ಗುಂಡು ಅದೇ, ಸೋತದ್ದು ಕೋಷ್ಟಕ. ಎಲ್ಲವನ್ನೂ ಮೊದಲು ಒಂದೇ ಅಳತೆಗೆ ತನ್ನಿ, ಆಮೇಲೆ ಬ್ಯಾಲೆನ್ಸ್ ಮಾತು. ‘ರಷ್ಯನ್ ಬಯಾಸ್’, ‘ಜರ್ಮನ್ ಬಯಾಸ್’ (ಆ ದೇಶದ ಟ್ಯಾಂಕಿಗೆ ಪಕ್ಷಪಾತ) ಎಂದು ಕೂಗುವ ಎಷ್ಟೋ ಜಗಳಗಳ ಬೇರು ಇಂಥ ಕಡೆ ಸಿಕ್ಕೀತು.

ತುಂಬಿದ ಮೇಲೆ ಪರೀಕ್ಷೆ ಮಾಡಿ. ಖಾಲಿ ಮೈದಾನದಲ್ಲಿ 50, 80, 100, 150 ಮಿಮೀ ತಗಡು ನಿಲ್ಲಿಸಿ, ಪ್ರತಿಯೊಂದನ್ನೂ 0, 30, 55, 60 ಡಿಗ್ರಿಗೆ ಬಾಗಿಸಿ, 100, 500, 1,000, 2,000 ಮೀಟರಿನಿಂದ ಪ್ರತಿ ಗುಂಡಿನ ನೂರು ಬಾರು ಸ್ಕ್ರಿಪ್ಟಿನಲ್ಲಿ ಹೊಡೆಸಿ. ಒಂದು ರಾತ್ರಿಯ ಕೆಲಸ. ಬೆಳಿಗ್ಗೆ ಎದ್ದು ನೋಡಿದಾಗ ಎಪಿಸಿಆರ್ 60 ಡಿಗ್ರಿಯಲ್ಲೂ ಎಪಿಯನ್ನು ಸೋಲಿಸುತ್ತಿದ್ದರೆ ಇಳಿಜಾರಿನ ಗುಣಕವನ್ನು ಎರಡಕ್ಕೂ ಒಂದೇ ಇಟ್ಟಿದ್ದೀರಾ ಎಂದು ಮೊದಲು ನೋಡಿ.

ಅದೃಷ್ಟದ ಆಟದ ಬಗ್ಗೆಯೂ ಒಂದು ಮಾತು. ವರ್ಲ್ಡ್ ಆಫ್ ಟ್ಯಾಂಕ್ಸ್‌ನಲ್ಲಿ ಪೆನೆಟ್ರೇಶನ್ ಶೇ 25 ಮೇಲೆ ಕೆಳಗೆ ಆಡುತ್ತದೆ. 200 ಮಿಮೀ ಗುಂಡು ಒಮ್ಮೆ 150, ಒಮ್ಮೆ 250. ಎಪಿಗೂ ಎಪಿಸಿಆರ್‌ಗೂ ಇರುವ ವ್ಯತ್ಯಾಸ ಆ ಹರವಿನೊಳಗೇ ಮುಳುಗಿಹೋಗುತ್ತದೆ. ನಿಜದಲ್ಲಿಯೂ ಎರಡು ಬಾರು ಒಂದೇ ತರ ಇರುವುದಿಲ್ಲ, ಮದ್ದಿನ ಬಿಸಿ, ತಗಡಿನ ಎರಕ ಎಲ್ಲ ಬದಲಾಗುತ್ತವೆ, ಆದರೆ ಹರವು ಕೆಲವೇ ಶೇಕಡ. ಹೊಸಬನೂ ಹಳಬನನ್ನು ಒಮ್ಮೊಮ್ಮೆ ಹೊಡೆಯಲಿ ಎಂಬ ನಿಮ್ಮ ಉದ್ದೇಶ ನಮಗೆ ತಿಳಿಯುತ್ತದೆ. ಹಾಗಿದ್ದರೆ ಗುರಿಯ ಚದುರುವಿಕೆಯಲ್ಲಿ ಅದೃಷ್ಟ ಇಡಿ. ತಗಡಿನ ಮುಂದೆ ಬೇಡ.

ಎಪಿಎಚ್‌ಇ, ಅಂದರೆ ಹೊಟ್ಟೆಯಲ್ಲಿ ಚೂರು ಸ್ಫೋಟಕ ಇಟ್ಟುಕೊಂಡ ಗುಂಡು, ಆಟಗಳಲ್ಲಿ ದೇವರಾಗಿ ಕೂತಿದೆ. ಕಮಾಂಡರನ ತಲೆಯ ಮೇಲಿನ ಗುಮ್ಮಟಕ್ಕೆ ಬಿದ್ದು, ಕೆಳಗೆ ಮುಂದೆ ಕೂತ ಡ್ರೈವರನವರೆಗೆ ಐವರನ್ನೂ ಒಂದೇ ಏಟಿಗೆ ಮುಗಿಸುತ್ತದೆ. ಕಾರಣ, ಸ್ಫೋಟವನ್ನು ಚೆಂಡಿನಂತೆ ಎಲ್ಲ ದಿಕ್ಕಿಗೂ ಸಮವಾಗಿ ಬಿಡಿಸಿದ್ದೀರಿ. ಟೈಗರಿನ ಗುಂಡಿನೊಳಗೆ ಇದ್ದದ್ದು ಸುಮಾರು 60 ಗ್ರಾಂ ಸ್ಫೋಟಕ, ಗುಂಡಿನ ತೂಕದ ಶೇ 1 ಕೂಡ ಅಲ್ಲ. ಗುಂಡು ಒಳಗೆ ಬಂದಾಗ ನಿಂತಿರುವುದಿಲ್ಲ, ಓಡುತ್ತಲೇ ಇರುತ್ತದೆ. ತಗಡು ದಾಟಲು ಸೆಕೆಂಡಿಗೆ 600 ಮೀಟರ್ ಬೇಕಿದ್ದ ಕಡೆ 700ರಲ್ಲಿ ಬಡಿದರೆ, ವರ್ಗಗಳ ವ್ಯತ್ಯಾಸದ ವರ್ಗಮೂಲ ತೆಗೆಯಿರಿ, ಉಳಿಯುವ ವೇಗ 360. ಸಿಡಿದ ಚೂರುಗಳೆಲ್ಲ ಆ ಮುನ್ನುಗ್ಗುವ ವೇಗವನ್ನು ಹೊತ್ತುಕೊಂಡೇ ಹಾರುತ್ತವೆ, ಹಾಗಾಗಿ ಆಕಾರ ಚೆಂಡಲ್ಲ, ಮುಂದಕ್ಕೆ ಬಾಯಿ ತೆರೆದ ಶಂಕು. 690 ಬೇಕಿದ್ದ ಕಡೆ 700ರಲ್ಲಿ ಕಷ್ಟಪಟ್ಟು ಹೊಕ್ಕರೆ ಉಳಿಯುವುದು 118, ಆಗ ಶಂಕು ಅಗಲವಾಗುತ್ತದೆ, ಚೂರಿನ ಬಲ ಕುಗ್ಗುತ್ತದೆ. ತೆಳು ತಗಡಿಗೆ ಬಿದ್ದರೆ ಹಿಂಬದಿಯ ಫ್ಯೂಜ್ ಹೊತ್ತಿಕೊಳ್ಳದೆ ಆಚೆ ಹಾದುಹೋಗುವುದೂ ಉಂಟು. ಉಳಿದ ವೇಗಕ್ಕೆ ಶಂಕುವಿನ ಅಗಲವನ್ನು ಕಟ್ಟಿಹಾಕಿ, ಗುಂಡಿಗೆ 60-80 ಕಿರಣ ಬಿಟ್ಟು ಯಾರಿಗೆ ತಾಗುತ್ತದೆ ನೋಡಿ. ಸರ್ವರಿಗೆ ಅಂಥ ಭಾರವೇನೂ ಆಗದು.

ಬ್ರಿಟಿಷರು ಟ್ಯಾಂಕ್ ತೋಪಿಗೆ ಸ್ಫೋಟಕವಿಲ್ಲದ ಗಟ್ಟಿ ಗುಂಡನ್ನೇ ನೆಚ್ಚಿಕೊಂಡಿದ್ದರು. ಚೆಂಡಿನ ಲೆಕ್ಕದ ಆಟದಲ್ಲಿ ಅವರ ಟ್ಯಾಂಕ್ ಸದಾ ಸೋಲುತ್ತದೆ, ಅದಕ್ಕೆ ನೀವು ಅವರ ರೀಲೋಡ್ ಬಫ್ ಮಾಡುತ್ತೀರಿ (ಗುಂಡು ತುಂಬುವ ವೇಗ ಏರಿಸುತ್ತೀರಿ). ತೇಪೆಯ ಮೇಲೆ ತೇಪೆ.

ಹೆಶ್ ಗುಂಡಿನದು ಬೇರೆ ದಾರಿ, ಚಿಕ್ಕದಾಗಿ ಹೇಳಿ ಮುಂದೆ ಹೋಗುತ್ತೇವೆ. ಅದರ ಮೆತ್ತಗಿನ ಸ್ಫೋಟಕ ತಗಡಿಗೆ ಬಡಿದು, ಅಂಗೈ ಕೆಳಗಿನ ರೊಟ್ಟಿ ಹಿಟ್ಟಿನಂತೆ ಹರಡಿಕೊಂಡು, ಆಮೇಲೆ ಸಿಡಿಯುತ್ತದೆ. ತೂತು ಬೀಳುವುದಿಲ್ಲ, ಒಳಮುಖದಿಂದ ಚಕ್ಕೆ ಕಿತ್ತು ಹಾರುತ್ತದೆ. ಶಹಾಬಾದ್ ಪರಸಿಯ ಒಂದು ಮುಖಕ್ಕೆ ಸುತ್ತಿಗೆ ಬಿದ್ದಾಗ ಇನ್ನೊಂದು ಮುಖದ ಚಕ್ಕೆ ಏಳುವುದನ್ನು ಕಂಡವರಿಗೆ ಹೆಚ್ಚು ವಿವರಿಸಬೇಕಿಲ್ಲ. ವೇಗ ಬೇಡ, ದೂರ ಲೆಕ್ಕಕ್ಕಿಲ್ಲ, ಆದರೆ ಎರಡು ತಗಡಿನ ನಡುವೆ ಗಾಳಿ ಬಿಟ್ಟರೆ ಆಟ ಮುಗಿಯಿತು. ನಮ್ಮ ಅರ್ಜುನ್ ಟ್ಯಾಂಕಿಗೆ 120 ಮಿಮೀ ತಿರುಪು ಗೀರಿನ ತೋಪು ಇದೆ, ಹೆಶ್ ಹಾರಿಸಲು ಅದು ಒಗ್ಗುತ್ತದೆ. ಹೆಶ್‌ಗೆ ‘ಪೆನ್ 152’ ಎಂದು ಬರೆದು ಎಪಿಯಂತೆ ಲೆಕ್ಕ ಹಾಕುವ ಆಟಗಳು ಇನ್ನೂ ಇವೆ, ಪಾಪ.

ಹಾಗಾದರೆ ಬ್ಯಾಲೆನ್ಸ್ ಮಾಡಲು ಏನು ಉಳಿಯಿತು ಅನ್ನುತ್ತೀರಾ? ಯುದ್ಧದಲ್ಲೇ ಹೆಚ್ಚುಕಮ್ಮಿ ಆಗುತ್ತಿದ್ದದ್ದೆಲ್ಲ ನಿಮ್ಮದು. ರೀಲೋಡ್ ಮನುಷ್ಯನ ಕೈಯ ಕೆಲಸ. ಸೋವಿಯತ್ತಿನ ಐಎಸ್-2 ಟ್ಯಾಂಕಿನ 122 ಮಿಮೀ ಗುಂಡು 25 ಕೆಜಿ, ಮದ್ದು ಬೇರೆ, ಗುಂಡು ಬೇರೆ, ನಿಮಿಷಕ್ಕೆ ಎರಡು ಮೂರು ಬಾರು. ಅಂದರೆ 20ರಿಂದ 30 ಸೆಕೆಂಡಿನವರೆಗೆ ತಿರುಗಿಸಲು ನಿಮಗೆ ಒಂದು ತಿರುಪು ಸಿಕ್ಕಿತು. ಅದರೊಳಗೆ ಹಿಡಿಯುತ್ತಿದ್ದದ್ದೇ 28 ಗುಂಡು, ಅದೂ ಒಂದು ತಿರುಪು. ಮೂರನೆಯದು ಟ್ಯಾಂಕುಗಳ ಸಂಖ್ಯೆ. ಟೈಗರ್ ತಯಾರಾದದ್ದು ಒಟ್ಟು ಸುಮಾರು 1,350. ಅಮೆರಿಕದ ಶರ್ಮನ್ 49,000ಕ್ಕೂ ಹೆಚ್ಚು. ಒಂದಕ್ಕೊಂದು ನಿಲ್ಲಿಸಿ ಸಮ ಮಾಡಿ ಎಂದು ಯಾರು ಹೇಳಿದರು?

ತಂಡಕ್ಕೆ 1,000 ಅಂಕ ಕೊಡಿ ಅನ್ನಿ. ಟೈಗರಿಗೆ 140, ಟಿ-34-85ಕ್ಕೆ 80, ಟಂಗ್‌ಸ್ಟನ್ ಗುಂಡು ಒಂದಕ್ಕೆ 4, ಗರಿಷ್ಠ ಐದು. ಒಂದು ಕಡೆ ಏಳು ಟೈಗರ್. ಇನ್ನೊಂದು ಕಡೆ ಐದೂ ಗುಂಡು ಹೊತ್ತ ಹತ್ತು ಟಿ-34-85, ಇಲ್ಲವೇ ಟಂಗ್‌ಸ್ಟನ್ ಇಲ್ಲದ ಹನ್ನೆರಡು. ಈಗ ಗುಂಡಿಗೆ ಬೆಲೆ ಬಂತು, ತಂಡದಲ್ಲಿ ಮಾತುಕತೆ ಶುರುವಾಯಿತು. ಒಂದು ಕಡೆಯ ಗೆಲುವು ಶೇ 55 ದಾಟಿದರೆ 140ನ್ನು 150 ಮಾಡಿ. ಗುಂಡು ಹಾಗೇ ಇರಲಿ. ಎಲ್ಲರೂ ಟೈಗರನ್ನೇ ಕೇಳುತ್ತಾರೆ, ಕ್ಯೂ ನಿಲ್ಲುತ್ತದೆ ಎಂಬ ನಿಮ್ಮ ಆತಂಕ ಸುಳ್ಳಲ್ಲ. ಪ್ರತಿಯೊಬ್ಬನೂ ಎರಡು ಬೇರೆ ತೂಕದ ಟ್ಯಾಂಕ್ ಹೆಸರಿಸಿ ಬರಲಿ, ಯಾವುದು ಸಿಗುತ್ತದೋ ಅದು.

ಸಿಡಿಗುಂಡಿನ ವಿಷಯದಲ್ಲಿ ಮಾತ್ರ ಇತಿಹಾಸದ ಹಂಚಿಕೆಯನ್ನು ಕಣ್ಣು ಮುಚ್ಚಿ ಹಿಡಿಯಬೇಡಿ. ಟಿ-34-85 36 ಸಿಡಿಗುಂಡು ಹೊತ್ತದ್ದು ಕಾಲಾಳು, ಫಿರಂಗಿ, ಮನೆಗೋಡೆಗಳಿಗಾಗಿ. ನಿಮ್ಮ ಆಟದಲ್ಲಿ ಕಾಲಾಳೇ ಇಲ್ಲದ ಮೇಲೆ ಅವನ್ನು ಹೊರಿಸುವುದು ಶಿಕ್ಷೆ. 50 ಮಾಮೂಲಿ, 5 ಟಂಗ್‌ಸ್ಟನ್, ಆಯಿತು.

ಇನ್ನು ನಕ್ಷೆ ಮತ್ತು ಗುರಿ. 1965ರಲ್ಲಿ ಪಂಜಾಬಿನ ಅಸಲ್ ಉತ್ತರ ಎಂಬ ಊರಿನ ಕದನದಲ್ಲಿ ಪಾಕಿಸ್ತಾನದ ಪ್ಯಾಟನ್ ಟ್ಯಾಂಕ್‌ಗಳನ್ನು ತಡೆದದ್ದು ಮಾಯಾ ಗುಂಡಲ್ಲ. ನೀರು ಬಿಟ್ಟು ಕೆಸರು ಮಾಡಿದ ಹೊಲ, ಎದೆ ಮುಚ್ಚುವ ಕಬ್ಬು, ಬದಿಯಿಂದ ಬಿದ್ದ ಹೊಡೆತ, ಅಬ್ದುಲ್ ಹಮೀದರ ಜೀಪಿನ ಮೇಲಿನ 106 ಮಿಮೀ ತೋಪು. ಕಬ್ಬಿನ ಗದ್ದೆಯೊಳಗೆ ನಿಂತವನು ಹೇಗೆ ಕಾಣದಾಗುತ್ತಾನೆ ಎಂದು ಬೀದರ್ ಜಿಲ್ಲೆಯ ಹುಡುಗರಿಗೆ ಹೇಳಿಕೊಡಬೇಕಿಲ್ಲ. ನಮ್ಮ ಹೆದ್ದಾರಿಯನ್ನೇ ನೋಡಿ. 1948ರ ಸೆಪ್ಟೆಂಬರಿನಲ್ಲಿ ಭಾರತೀಯ ಸೇನೆಯ ಟ್ಯಾಂಕ್‌ಗಳು ಸೊಲ್ಲಾಪುರದಿಂದ ನಳದುರ್ಗ, ಹುಮನಾಬಾದ್, ಜಹೀರಾಬಾದ್ ದಾರಿ ಹಿಡಿದು ಹೈದರಾಬಾದಿನ ಕಡೆ ನಡೆದವು. ಐದು ದಿನದಲ್ಲಿ ಮುಗಿದ ಕಾರ್ಯಾಚರಣೆ. ಅದನ್ನು ಆಟ ಮಾಡಲು ಹೊರಟವರು ಎದುರಿನ ಕವಚದ ಕಾರುಗಳಿಗೆ ಇಲ್ಲದ ಗುಂಡು ಕೊಟ್ಟು ಸಮ ಮಾಡುತ್ತೀರಾ? ಗಡಿಯಾರ ಇಡಿ, ನೆಲಬಾಂಬು ಇಡಿ, ಎಷ್ಟು ಹೊತ್ತು ತಡೆದಿರಿ ಎಂಬುದಕ್ಕೆ ಅಂಕ ಇಡಿ. ಅಥವಾ ಮಾಡಲೇಬೇಡಿ. ಆ ದಿನಗಳ ನೋವು ಈ ಭಾಗದ ಎಷ್ಟೋ ಮನೆಗಳಲ್ಲಿ ಇನ್ನೂ ಆರಿಲ್ಲ.

ಇಂದಿನ ಗುಂಡುಗಳ ವಿಷಯದಲ್ಲಿ ನಮ್ಮ ಬೇಡಿಕೆ ತದ್ವಿರುದ್ಧ: ನಿಖರತೆಯ ಬೆನ್ನು ಹತ್ತಬೇಡಿ. ವಾರ್ ಥಂಡರ್ ಆಟಗಾರರು ವಾದ ಗೆಲ್ಲಲೆಂದು 2021ರ ಜುಲೈನಲ್ಲಿ ಬ್ರಿಟನ್ನಿನ ಚಾಲೆಂಜರ್ 2 ಟ್ಯಾಂಕಿನ, ಅಕ್ಟೋಬರಿನಲ್ಲಿ ಫ್ರಾನ್ಸಿನ ಲೆಕ್ಲರ್ಕ್ ಟ್ಯಾಂಕಿನ, 2022ರ ಜೂನ್‌ನಲ್ಲಿ ಚೀನಾದ ಡಿಟಿಸಿ10-125 ಗುಂಡಿನ ಸೇನಾ ದಾಖಲೆಗಳನ್ನು ಹೊರಹಾಕಿದರು. ಇಲ್ಲಿ ಹಾಗೆ ಮಾಡಿದರೆ 1923ರ ಅಧಿಕೃತ ರಹಸ್ಯಗಳ ಕಾಯ್ದೆ ಕಾದಿದೆ. ‘ನಮ್ಮಣ್ಣ ಆರ್ಮಿಯಾಗ ಅದಾನ, ಕೇಳ್ತೀನಿ’ ಅನ್ನುವ ಗೆಳೆಯನನ್ನು ಅಲ್ಲೇ ತಡೆಯಿರಿ. ಹೊಸ ಬಾಣಗುಂಡಿಗೆ ತಿರುಳಿನ ಉದ್ದ, ಅಗಲ, ಸಾಂದ್ರತೆ, ವೇಗ ಹಿಡಿದು ಲಾಂಜ್-ಓಡರ್‌ಮಾಟ್ ಸೂತ್ರದಲ್ಲಿ ಅಂದಾಜು ಹಾಕಿ, ಪಕ್ಕದಲ್ಲಿ ‘ಅಂದಾಜು’ ಎಂದು ಬರೆಯಿರಿ. ಹಳೆಯ ಗುಂಡಿನಲ್ಲಿಯೂ ಬ್ಯಾಲೆನ್ಸಿಗಾಗಿ ಏನಾದರೂ ಬದಲಿಸಲೇಬೇಕಾಗಿ ಬಂದರೆ ಅದರ ಪಕ್ಕವೂ ಒಂದು ಚುಕ್ಕಿ ಇಡಿ: ಮೂಲ ಇಷ್ಟು, ಆಟದಲ್ಲಿ ಇಷ್ಟು.

ಕೊನೆಯದಾಗಿ, ಕನ್ನಡದ ಮೆನು ಮಾಡುವವರಿಗೆ ಒಂದು ಕೋರಿಕೆ. ‘ಹೀಟ್’ ಗುಂಡನ್ನು ‘ಶಾಖದ ಗುಂಡು’ ಎಂದು ಅನುವಾದಿಸಬೇಡಿ. ಆ ಹೆಸರು ಟ್ಯಾಂಕ್ ನಿರೋಧಕ ಸಿಡಿಗುಂಡು ಎಂಬುದರ ಮೊದಲಕ್ಷರಗಳು, ಬಿಸಿಗೂ ಅದಕ್ಕೂ ಸಂಬಂಧವಿಲ್ಲ. ಅದು ಕವಚವನ್ನು ಕರಗಿಸುವುದಿಲ್ಲ. ಒಳಗಿನ ತಾಮ್ರದ ಆಲಿಕೆ ಸ್ಫೋಟಕ್ಕೆ ಮಡಚಿಕೊಂಡು ಸೂಜಿಯಂತೆ ಚಿಮ್ಮಿ ಕೊರೆಯುತ್ತದೆ. ದೂರದಿಂದ ಅದರ ಪೆನೆಟ್ರೇಶನ್ ಇಳಿಯುವುದಿಲ್ಲ, ತಿರುಗುತ್ತ ಹಾರಿದರೆ ಇಳಿಯುತ್ತದೆ, ಬೇಲಿಗೆ ತಾಗಿದರೆ ಅಲ್ಲೇ ಸಿಡಿಯುತ್ತದೆ. ‘ಕೊರೆಗುಂಡು’ ಅನ್ನಿ. ಎಪಿಸಿಆರ್‌ಗೆ ‘ತಿರುಳುಗುಂಡು’, ಎಪಿಡಿಎಸ್‌ಗೆ ‘ಕಳಚುಗುಂಡು’, ಹೆಶ್‌ಗೆ ‘ಚಕ್ಕೆಗುಂಡು’. ಬಾಯಿಗೆ ಬರದಿದ್ದರೆ ಎಪಿಸಿಆರ್ ಅಂತಲೇ ಬಿಡಿ, ಇಲ್ಲಿನ ಮಂದಿಗೆ ಅದೂ ತಿಳಿಯುತ್ತದೆ.

ಇಂತಿ,
ಟ್ಯಾಂಕ್ ಆಟಗಳ ಲೆಕ್ಕ ನೋಡುವ ಕೆಲವರು
ಕಲಬುರಗಿ